ಓದುಗರ ಪ್ರಶ್ನೆ: ಯಾವ ಮೇಲ್ ಸರ್ವರ್ ಹಾಕಲಿ?

ಹೋದ ಸಂಚಿಕೆಯಲ್ಲಿ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕುವುದರ ಬಗ್ಗೆ ಬರೆದಿದ್ದೆ. ಕೊನೆಯಲ್ಲಿ ಸುಮ್ನೆ ಒಂದು ಸಾಲು, 'ಬೇಕಾದರೆ ಲಿನಕ್ಸ್‌ನಲ್ಲಿ ನಿಮ್ಮದೇ ಮೇಲ್ ಸರ್ವರ್ ಕೂಡ ನಡೆಸಬಹುದು' ಅಂತ ಸೇರಿಸಿಬಿಟ್ಟೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಉಳಿದ ಇಡೀ ಲೇಖನಕ್ಕೆ ಬರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಕಮಾಂಡು ಮತ್ತು ಸೆಟ್ಟಿಂಗುಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಅಚ್ಚು ಹಾಕಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ, ಅದೂ ಸಣ್ಣ ಅಕ್ಷರ.

ಪ್ರಶ್ನೆ: ನಮ್ಮದು ಸಣ್ಣ ಸಹಕಾರ ಸಂಘ, ಹನ್ನೆರಡು ಜನ ಸಿಬ್ಬಂದಿ. ಈಗ ಎಲ್ಲರೂ ಅವರವರ ಜಿಮೇಲ್‌ನಿಂದಲೇ ಸಂಘದ ಪತ್ರ ಕಳಿಸುತ್ತಾರೆ. ಸಂಘದ ಹೆಸರಿನ ಡೊಮೇನ್ ತಗೊಂಡಾಗಿದೆ. ಹುಡುಕಿದಾಗ ಸೆಂಡ್‌ಮೇಲ್, ಕ್ಯೂಮೇಲ್, ಎಕ್ಸಿಮ್, ಪೋಸ್ಟ್‌ಫಿಕ್ಸ್ ಅಂತ ನಾಲ್ಕು ಹೆಸರು ಸಿಕ್ಕಿದವು. ಆಫೀಸಿನ ಹಳೇ ಕಂಪ್ಯೂಟರಿನಲ್ಲಿ ಡೆಬಿಯನ್ ಲಿನಕ್ಸ್ ಇದೆ. ಯಾವುದನ್ನು ಹಾಕಲಿ?
— ಸಂಘದ ಕಾರ್ಯದರ್ಶಿ, ಶಿರಸಿ

ಉತ್ತರ: ಪೋಸ್ಟ್‌ಫಿಕ್ಸ್ ಹಾಕಿ, ಜೊತೆಗೆ ಡವ್‌ಕಾಟ್ ಹಾಕಿ, ಆದರೆ ಆಫೀಸಿನ ಆ ಕಂಪ್ಯೂಟರಿನಲ್ಲಿ ಬೇಡ. ಉತ್ತರ ಇಷ್ಟೇ. ಕಾರಣ ಸ್ವಲ್ಪ ಉದ್ದ ಇದೆ.

ಎರಡು ಹೆಸರು ಯಾಕೆ ಅಂತ ಮೊದಲು ಹೇಳುತ್ತೇನೆ. ಅಂಚೆ ಕಚೇರಿಯನ್ನೇ ನೆನಪಿಸಿಕೊಳ್ಳಿ. ಹೊರಗಿನ ಟಪಾಲು ಇಳಿಸಿಕೊಳ್ಳುವುದು, ನಮ್ಮ ಊರಿನ ಟಪಾಲನ್ನು ಬೇರೆ ಊರಿಗೆ ಸಾಗಿಸುವುದು ಒಂದು ಕೆಲಸ. ಬಂದ ಟಪಾಲನ್ನು ಅವರವರ ಪೆಟ್ಟಿಗೆಯಲ್ಲಿ ಇಟ್ಟು, ಬೀಗದ ಕೈ ತಂದವರಿಗೆ ಮಾತ್ರ ತೆಗೆದು ತೋರಿಸುವುದು ಇನ್ನೊಂದು ಕೆಲಸ. ಮೊದಲನೆಯದು ಎಸ್‌ಎಂಟಿಪಿ. ನಿಮಗೆ ಸಿಕ್ಕಿದ ನಾಲ್ಕೂ ಹೆಸರು ಆ ಕೆಲಸದವು. ಎರಡನೆಯದು ಐಮ್ಯಾಪ್. ಅದಕ್ಕೆ ಡವ್‌ಕಾಟ್. ಫಿನ್ಲೆಂಡಿನ ಟಿಮೊ ಸಿರೈನನ್ ಅದನ್ನು 2002ರಲ್ಲಿ ಹೊರಗೆ ಬಿಟ್ಟರು. ಅದನ್ನು ಬಿಟ್ಟು ಬೇರೆ ಹುಡುಕುವ ಅಗತ್ಯ ನನಗಂತೂ ಇವತ್ತಿನವರೆಗೆ ಬಂದಿಲ್ಲ.

ಈಗ ನಾಲ್ಕರ ಜಾತಕ. ಸೆಂಡ್‌ಮೇಲ್ ಎಲ್ಲಕ್ಕಿಂತ ಹಿರಿಯದು. 1980ರ ದಶಕದ ಶುರುವಿನಲ್ಲಿ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ಬರೆದದ್ದು. ಆಗ ಒಂದೊಂದು ನೆಟ್‌ವರ್ಕಿಗೆ ಒಂದೊಂದು ಥರದ ವಿಳಾಸ, ಅವನ್ನೆಲ್ಲ ಒಂದರಿಂದ ಇನ್ನೊಂದಕ್ಕೆ ತಿರುಗಿಸಬೇಕಿತ್ತು, ಹಾಗಾಗಿ ಅದರ ಕಾನ್ಫಿಗರೇಶನ್ ಫೈಲು ಓದಿದರೆ ತಾಯತದೊಳಗಿನ ತಗಡು ಬಿಚ್ಚಿ ಓದಿದ ಹಾಗಾಗುತ್ತದೆ. ಮೇಲಾಗಿ ಎಲ್ಲ ಕೆಲಸಕ್ಕೂ ಒಂದೇ ದೊಡ್ಡ ಪ್ರೋಗ್ರಾಮು, ಅದಕ್ಕೆ ರೂಟ್ ಅಧಿಕಾರ, ಅಂದರೆ ಯಂತ್ರದಲ್ಲಿ ಏನು ಬೇಕಾದರೂ ಮಾಡುವ ಅಧಿಕಾರ. 1988ರ ನವೆಂಬರ್ 2ರಂದು ಮಾರಿಸ್ ವರ್ಮ್ ಅನ್ನುವ ಪ್ರೋಗ್ರಾಮು ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡಿದಾಗ ಅದು ಒಳಗೆ ನುಗ್ಗಿದ ದಾರಿಗಳಲ್ಲಿ ಸೆಂಡ್‌ಮೇಲ್‌ನ ಡಿಬಗ್ ಬಾಗಿಲೂ ಒಂದು.

ಇಂಥ ತೂತುಗಳಿಗೆ ಉತ್ತರವಾಗಿ ಡೇನಿಯಲ್ ಬರ್ನ್‌ಸ್ಟೈನ್ ಕ್ಯೂಮೇಲ್ ಬರೆದರು. ಬಹಳ ಅಚ್ಚುಕಟ್ಟಿನ ಕೆಲಸ. ಇದರಲ್ಲಿ ಭದ್ರತೆಯ ತೂತು ತೋರಿಸಿದವರಿಗೆ 500 ಡಾಲರ್ ಅಂತ 1997ರಲ್ಲಿ ಸವಾಲನ್ನೂ ಹಾಕಿದರು. ಆದರೆ ಅವರ ಕೈಯಿಂದ ಬಂದ 1.03 ಆವೃತ್ತಿ 1998ರದು. ಆಮೇಲೆ ಬೇಕಾದ ಎಲ್ಲವನ್ನೂ ಬೇರೆಯವರ ತೇಪೆಗಳಿಂದ ಸೇರಿಸಿಕೊಳ್ಳಬೇಕು. ಹೊಸಬರಿಗೆ ಅದು ಬೇಡದ ತಲೆನೋವು.

ಉಳಿದದ್ದು ಎಕ್ಸಿಮ್ ಮತ್ತು ಪೋಸ್ಟ್‌ಫಿಕ್ಸ್. ಎಕ್ಸಿಮ್ 1995ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಹೇಝಲ್ ಶುರು ಮಾಡಿದ್ದು. ಡೆಬಿಯನ್ ತಾನಾಗಿ ಆರಿಸುವುದು ಇದನ್ನೇ. ಇದರಲ್ಲಿ ಏನು ಬೇಕಾದರೂ ಮಾಡಬಹುದು, ಅದೇ ಅದರ ಬಲ, ಅದೇ ಅದರ ಕಾಟ. ಸೆಟ್ಟಿಂಗ್ ಬರೆಯುವುದು ಅಂದರೆ ಹೆಚ್ಚುಕಡಿಮೆ ಪ್ರೋಗ್ರಾಮ್ ಬರೆದ ಹಾಗೆ. ಇದೂ ಒಂದೇ ದೊಡ್ಡ ಪ್ರೋಗ್ರಾಮು. 2019ರಲ್ಲಿ ಇದರಲ್ಲಿ ಸಿಕ್ಕ ಒಂದು ತೂತಿನಿಂದ ಅಪ್‌ಡೇಟ್ ಮಾಡದೆ ಬಿಟ್ಟಿದ್ದ ಸರ್ವರುಗಳ ಮೇಲೆ ಸಾಲು ಸಾಲಾಗಿ ದಾಳಿ ಆಯಿತು. ಪೋಸ್ಟ್‌ಫಿಕ್ಸ್ ಅನ್ನು ಐಬಿಎಂ ಸಂಶೋಧನಾಲಯದಲ್ಲಿ ವೀಟ್ಸೆ ವೆನೆಮಾ ಬರೆದು 1998ರ ಡಿಸೆಂಬರಿನಲ್ಲಿ ಹೊರಗೆ ಬಿಟ್ಟರು. ಇದರಲ್ಲಿ ಕೌಂಟರಿನಲ್ಲಿ ಕೂರುವವನು ಒಬ್ಬ, ವಿಂಗಡಿಸುವವನು ಇನ್ನೊಬ್ಬ, ಚೀಲ ಹೊರುವವನು ಮತ್ತೊಬ್ಬ. ಪ್ರತಿಯೊಂದೂ ಬೇರೆ ಸಣ್ಣ ಪ್ರೋಗ್ರಾಮು, ತನ್ನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ. ಕೌಂಟರಿನವನಿಗೆ ಯಾರಾದರೂ ಟೋಪಿ ಹಾಕಿದರೂ ಖಜಾನೆಯ ಬೀಗ ಅವನ ಹತ್ತಿರ ಇರುವುದೇ ಇಲ್ಲ. ನನಗೆ ಇದು ಇಷ್ಟ ಆಗುವುದು ಇನ್ನೂ ಒಂದು ಸಾದಾ ಕಾರಣಕ್ಕೆ: ರಾತ್ರಿ ಹತ್ತಕ್ಕೆ ಏನೋ ಕೈಕೊಟ್ಟರೆ, ಅದೇ ತೊಂದರೆ ನನಗಿಂತ ಮುಂಚೆ ಸಾವಿರ ಜನರಿಗೆ ಬಂದಿರುತ್ತದೆ, ಪರಿಹಾರ ಹುಡುಕಿದರೆ ಸಿಗುತ್ತದೆ.

ಆಫೀಸಿನ ಕಂಪ್ಯೂಟರ್ ಯಾಕೆ ಬೇಡ? ಸಾಮಾನ್ಯ ಬ್ರಾಡ್‌ಬ್ಯಾಂಡಿನಲ್ಲಿ ನಿಮ್ಮ ಐಪಿ ವಿಳಾಸ ಬದಲಾಗುತ್ತಾ ಇರುತ್ತದೆ. ಎಷ್ಟೋ ಕಡೆ ಒಂದೇ ವಿಳಾಸವನ್ನು ನೂರಾರು ಗ್ರಾಹಕರು ಹಂಚಿಕೊಂಡಿರುತ್ತಾರೆ. ಸ್ಪ್ಯಾಮ್‌ಹೌಸ್ ಅನ್ನುವ ಸಂಸ್ಥೆ ಇಂಥ ಮನೆ-ಅಂಗಡಿ ಸಂಪರ್ಕಗಳ ವಿಳಾಸಗಳದ್ದೇ ಒಂದು ಪಟ್ಟಿ ಇಟ್ಟಿದೆ, 'ಇಲ್ಲಿಂದ ನೇರವಾಗಿ ಮೇಲ್ ಬರಬಾರದು' ಅಂತ. ನೀವು ಏನೂ ತಪ್ಪು ಮಾಡದೆಯೂ ಆ ಪಟ್ಟಿಯಲ್ಲಿ ಇರುತ್ತೀರಿ. ಹಾಗಾಗಿ ಸ್ಥಿರ ಐಪಿ ಇರುವ ಒಂದು ಸಣ್ಣ ವರ್ಚುವಲ್ ಸರ್ವರ್ ಬಾಡಿಗೆಗೆ ತಗೊಳ್ಳಿ. ದುಡ್ಡು ಕೊಡುವ ಮುಂಚೆಯೇ ಅವರನ್ನು ಎರಡು ಪ್ರಶ್ನೆ ಕೇಳಿ: 25ನೇ ಪೋರ್ಟಿನಲ್ಲಿ (ಪೋರ್ಟ್ ಅಂದರೆ ಯಂತ್ರದ ನಂಬರು ಹಾಕಿದ ಬಾಗಿಲು) ಹೊರಗೆ ಮೇಲ್ ಕಳಿಸಲು ಬಿಡುತ್ತೀರಾ? ರಿವರ್ಸ್ ಡಿಎನ್‌ಎಸ್ ಹೆಸರು, ಅಂದರೆ ಐಪಿ ಕೇಳಿದರೆ ಬರುವ ಸರ್ವರಿನ ಹೆಸರು, ಇಡಲು ಬಿಡುತ್ತೀರಾ? ಅಮೆಜಾನ್‌ನ ಬಾಡಿಗೆ ಸರ್ವರ್ ಸೇವೆ ಇಸಿ2ದಲ್ಲಿ ಹೊರಹೋಗುವ 25ನೇ ಪೋರ್ಟ್ ಮೊದಲಿಗೆ ಮುಚ್ಚಿರುತ್ತದೆ, ಅರ್ಜಿ ಹಾಕಿ ತೆಗೆಸಬೇಕು. ಗೂಗಲ್ ಕ್ಲೌಡ್‌ನಲ್ಲೂ ಮುಚ್ಚಿರುತ್ತದೆ.

ಇನ್ನೊಂದು ಮಾತು, ಬೇಜಾರಾಗಬೇಡಿ. ಮನೆ ಕಟ್ಟಿ ನೋಡು ಅಂತಾರಲ್ಲ, ಇದೂ ಹಾಗೆಯೇ. ಹಾಕುವುದು ಒಂದು ಭಾನುವಾರದ ಕೆಲಸ, ನೋಡಿಕೊಳ್ಳುವುದು ವರ್ಷಗಟ್ಟಲೆ. ನೀವು ಕಾರ್ಯದರ್ಶಿ ಸ್ಥಾನ ಬಿಟ್ಟ ಮೇಲೆ ಇದನ್ನು ಯಾರು ನೋಡುತ್ತಾರೆ? ಹೆಸರು ಹೇಳಲು ಆಗದಿದ್ದರೆ, ದುಡ್ಡು ಕೊಟ್ಟು ನಡೆಯುವ ಮೇಲ್ ಸೇವೆಯೊಂದಕ್ಕೆ ನಿಮ್ಮ ಡೊಮೇನ್ ಜೋಡಿಸಿಬಿಡಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಪ್ರಶ್ನೆ: ಪೋಸ್ಟ್‌ಫಿಕ್ಸ್ ಇನ್‌ಸ್ಟಾಲ್ ಆಗುವಾಗ ನೀಲಿ ಪರದೆಯಲ್ಲಿ ಐದು ಆಯ್ಕೆ ಬಂದವು. ತಿಳಿಯದೆ 'ಇಂಟರ್ನೆಟ್ ಸೈಟ್' ಒತ್ತಿದೆ. ನಾನು ಕಳಿಸಿದ ಮೇಲ್ ಹೋಗುತ್ತಿದೆ. ಆದರೆ ನನಗೆ ಬರುವ ಮೇಲ್ 'ಯೂಸರ್ ಅನ್‌ನೋನ್' ಅಂತ ವಾಪಸ್ ಹೋಗುತ್ತಿದೆ. ಲಾಗ್ ನೋಡೋಣ ಅಂದರೆ ಮೇಲ್ ಲಾಗ್ ಫೈಲೇ ಇಲ್ಲ.
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ತಿಳಿಯದೆ ಒತ್ತಿದರೂ ಸರಿಯಾದದ್ದನ್ನೇ ಒತ್ತಿದ್ದೀರಿ. ಅದರ ನಂತರ ಬರುವ 'ಸಿಸ್ಟಮ್ ಮೇಲ್ ನೇಮ್' ಪ್ರಶ್ನೆಗೆ ವಿಳಾಸದಲ್ಲಿ ಅಟ್ ಗುರುತಿನ ಆಚೆ ಬರುವ ಹೆಸರು, ಅಂದರೆ ಬರೀ ಡೊಮೇನ್ ಕೊಡಬೇಕು. 'ಮೈಹೋಸ್ಟ್‌ನೇಮ್' ಸೆಟ್ಟಿಂಗಿಗೆ ಆ ಯಂತ್ರದ ಪೂರ್ತಿ ಹೆಸರು, ಮುಂದೆ 'ಮೇಲ್' ಅಂತಲೋ ಇನ್ನೇನೋ ಸೇರಿಸಿದ್ದು. ಇವೆರಡನ್ನೂ ಒಂದೇ ಅಂದುಕೊಂಡವರು ಬಹಳ ಜನ.

ನಿಮ್ಮ ತೊಂದರೆ ಇರುವುದು ಬೇರೆ ಕಡೆ. ಪೋಸ್ಟ್‌ಫಿಕ್ಸ್‌ಗೆ ಗೊತ್ತಿರುವ ಡೊಮೇನ್ ಥರಗಳಲ್ಲಿ ಇಲ್ಲಿ ಬೇಕಾದವು ಎರಡು. 'ಮೈಡೆಸ್ಟಿನೇಶನ್' ಪಟ್ಟಿಯಲ್ಲಿರುವ ಡೊಮೇನಿಗೆ ಮೇಲ್ ಬಂದರೆ ಅದು ಆ ಯಂತ್ರದ ಲಿನಕ್ಸ್ ಅಕೌಂಟುಗಳಲ್ಲಿ ಆ ಹೆಸರು ಹುಡುಕುತ್ತದೆ. 'ವರ್ಚುವಲ್ ಮೇಲ್‌ಬಾಕ್ಸ್ ಡೊಮೇನ್ಸ್' ಪಟ್ಟಿಯಲ್ಲಿದ್ದರೆ ನೀವು ಬೇರೆಯಾಗಿ ಕೊಟ್ಟ ಪಟ್ಟಿಯಲ್ಲಿ ಹುಡುಕುತ್ತದೆ. 'ಲೋಕಲ್ ರೆಸಿಪಿಯೆಂಟ್ ಟೇಬಲ್‌ನಲ್ಲಿ ಇಲ್ಲ' ಅಂತ ಸಂದೇಶ ಬಂದಿದ್ದರೆ ನಿಮ್ಮ ಡೊಮೇನ್ ಮೈಡೆಸ್ಟಿನೇಶನ್‌ನಲ್ಲೇ ಕೂತಿದೆ, ಆದರೆ ನೀವು ಹೆಸರು ಬರೆದದ್ದು ವರ್ಚುವಲ್ ಪಟ್ಟಿಯಲ್ಲಿ. ಒಂದೇ ಡೊಮೇನ್ ಎರಡೂ ಕಡೆ ಇರಲೇಬಾರದು. ಮೈಡೆಸ್ಟಿನೇಶನ್‌ನಲ್ಲಿ ಯಂತ್ರದ ಹೆಸರು ಮತ್ತು ಲೋಕಲ್‌ಹೋಸ್ಟ್ ಮಾತ್ರ ಉಳಿಸಿ, ಡೊಮೇನನ್ನು ತೆಗೆಯಿರಿ, ರೀಲೋಡ್ ಮಾಡಿ. ಮೇಲ್ ಪಡೆಯುವ ಒಬ್ಬೊಬ್ಬರಿಗೂ ಸರ್ವರಿನಲ್ಲಿ ಲಾಗಿನ್ ಅಕೌಂಟ್ ಕೊಡುವುದಕ್ಕಿಂತ ಈ ವರ್ಚುವಲ್ ದಾರಿಯೇ ಒಳ್ಳೆಯದು. ಬಂದ ಮೇಲನ್ನು, ಪೆಟ್ಟಿಗೆಗೆ ತಲುಪಿಸಲೆಂದೇ ಇರುವ ಎಲ್‌ಎಂಟಿಪಿ ಮೂಲಕ ಡವ್‌ಕಾಟ್‌ಗೆ ಕೊಡಿ, ಅದು ಮೇಲ್‌ಡಿರ್ ರೂಪದಲ್ಲಿ, ಅಂದರೆ ಒಂದು ಮೇಲ್‌ಗೆ ಒಂದು ಫೈಲ್ ಅನ್ನುವ ಲೆಕ್ಕದಲ್ಲಿ ಇಟ್ಟುಕೊಳ್ಳಲಿ. ಹಳೇ ಎಂಬಾಕ್ಸ್ ರೂಪದಲ್ಲಿ ಎಲ್ಲ ಮೇಲೂ ಒಂದೇ ಫೈಲಿನಲ್ಲಿ ತುಂಬುತ್ತದೆ, ಅದು ಕೆಟ್ಟರೆ ಎಲ್ಲ ಹೋಯಿತು.

ಲಾಗ್ ಫೈಲ್ ಕಾಣದೆ ಇರುವುದು ನಿಮ್ಮ ತಪ್ಪಲ್ಲ. ಡೆಬಿಯನ್ 12ರಿಂದ, ಲಾಗ್ ಫೈಲ್ ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ, ಹಾಗಾಗಿ ಆ ಫೈಲ್ ಹುಟ್ಟುವುದೇ ಇಲ್ಲ. ಜರ್ನಲ್‌ಸಿಟಿಎಲ್ ಕಮಾಂಡಿನಿಂದ ನೋಡಿ, ಇಲ್ಲವೇ ಆರ್‌ಸಿಸ್‌ಲಾಗ್ ಹಾಕಿಕೊಳ್ಳಿ. ನಾನು ಹಾಕಿಕೊಳ್ಳುತ್ತೇನೆ, ಹಳೇ ಅಭ್ಯಾಸ.

ಪೋರ್ಟುಗಳ ಮಾತು ಬೇಗ ಮುಗಿಸುತ್ತೇನೆ. 25 ಇರುವುದು ಸರ್ವರುಗಳು ಸರ್ವರುಗಳ ಜೊತೆ ಮಾತಾಡಲು. ನಿಮ್ಮ ಫೋನು, ಥಂಡರ್‌ಬರ್ಡ್ ಮೇಲ್ ಕಳಿಸುವುದು 465 ಅಥವಾ 587ರಲ್ಲಿ, ಪಾಸ್‌ವರ್ಡ್ ಕೊಟ್ಟು. ಓದುವುದು 993ರಲ್ಲಿ. ಮೇಲ್‌ಗೆ ಸಂಬಂಧಿಸಿದ ಉಳಿದ ಪೋರ್ಟುಗಳನ್ನು ಫೈರ್‌ವಾಲ್‌ನಲ್ಲಿ ಮುಚ್ಚಿ.

ಇನ್ನು 'ಮೈನೆಟ್‌ವರ್ಕ್ಸ್' ಅನ್ನುವ ಸೆಟ್ಟಿಂಗ್. ಇಲ್ಲಿ ಬರೆದ ವಿಳಾಸಗಳಿಂದ ಪಾಸ್‌ವರ್ಡ್ ಇಲ್ಲದೆ ಯಾರಿಗೆ ಬೇಕಾದರೂ ಮೇಲ್ ಕಳಿಸಬಹುದು. ಕೆಲವು ವರ್ಷದ ಹಿಂದೆ ನಾನು ಇಲ್ಲಿ ಓರೆಗೆರೆ ಹಾಕಿ 28 ಅಂತ ಬರೆಯುವ ಕಡೆ 2 ಬಿಟ್ಟು ಬರೀ 8 ಬರೆದೆ. 28 ಅಂದರೆ 16 ವಿಳಾಸ. 8 ಅಂದರೆ 1 ಕೋಟಿ 67 ಲಕ್ಷಕ್ಕೂ ಜಾಸ್ತಿ ವಿಳಾಸ. ಬೆಳಿಗ್ಗೆ ಎದ್ದು ಕ್ಯೂ ನೋಡಿದರೆ ಯಾರ್‍ಯಾರದೋ ಔಷಧಿ ಜಾಹೀರಾತು ಸಾವಿರಗಟ್ಟಲೆ ಸಾಲು ನಿಂತಿತ್ತು. ಸೆಟ್ಟಿಂಗ್ ಸರಿ ಮಾಡಲು ಒಂದು ನಿಮಿಷ, ಆ ಐಪಿಯ ಹೆಸರು ಕಪ್ಪುಪಟ್ಟಿಗಳಿಂದ ತೆಗೆಸಲು ಎರಡು ವಾರ. ಯಂತ್ರದ್ದೇ ವಿಳಾಸ ಬಿಟ್ಟು ಅಲ್ಲಿ ಇನ್ನೇನೂ ಬರೆಯಬೇಡಿ.

ಪ್ರಶ್ನೆ: ಸರ್ವರ್ ಚೆನ್ನಾಗಿ ನಡೆಯುತ್ತಿದೆ. ಆದರೆ ಜಿಮೇಲ್‌ನವರಿಗೆ ಕಳಿಸಿದ್ದೆಲ್ಲ ಸ್ಪ್ಯಾಮ್ ಫೋಲ್ಡರಿಗೆ ಹೋಗುತ್ತದೆ, ಕೆಲವು ವಾಪಸ್ಸೇ ಬರುತ್ತವೆ. ಪೋಸ್ಟ್‌ಫಿಕ್ಸ್ ಬಿಟ್ಟು ಎಕ್ಸಿಮ್ ಹಾಕಿದರೆ ಸರಿ ಹೋಗುತ್ತಾ?
— ಮುದ್ರಣಾಲಯದ ಮಾಲೀಕರು, ಹುಬ್ಬಳ್ಳಿ

ಉತ್ತರ: ಹೋಗುವುದಿಲ್ಲ. ಜಿಮೇಲ್‌ಗೆ ನೀವು ಯಾವ ಸಾಫ್ಟ್‌ವೇರ್ ಹಾಕಿದ್ದೀರಿ ಅನ್ನುವುದು ಬೇಕಿಲ್ಲ. ನೀವು ಯಾರು ಅನ್ನುವುದು ಬೇಕು. ಪೋಸ್ಟ್‌ಕಾರ್ಡಿನ ಮೇಲೆ ಕಳಿಸಿದವರ ಹೆಸರು ಯಾರು ಏನು ಬೇಕಾದರೂ ಬರೆಯಬಹುದಲ್ವಾ? ಎಸ್‌ಎಂಟಿಪಿಯೂ ಮೂಲದಲ್ಲಿ ಹಾಗೇ. ಅದರ ನಿಯಮ ಬರೆದದ್ದು 1982ರಲ್ಲಿ, ಆಗ ನೆಟ್‌ವರ್ಕಿನಲ್ಲಿದ್ದವರು ಹೆಚ್ಚುಕಡಿಮೆ ಒಬ್ಬರಿಗೊಬ್ಬರು ಗೊತ್ತಿದ್ದವರು. ಈಗ ಆ ಗುರುತನ್ನು ಡಿಎನ್‌ಎಸ್‌ನಲ್ಲಿ, ಅಂದರೆ ಇಂಟರ್ನೆಟ್ಟಿನ ಹೆಸರು-ವಿಳಾಸದ ಪುಸ್ತಕದಲ್ಲಿ, ಬರೆದು ತೋರಿಸಬೇಕು. ನೀವು ಕೆಲಸ ಮಾಡಬೇಕಾದದ್ದು ಅಲ್ಲಿ.

ಎಲ್ಲಕ್ಕಿಂತ ಮೊದಲು ರಿವರ್ಸ್ ಡಿಎನ್‌ಎಸ್, ಅಂದರೆ ಪಿಟಿಆರ್. ನಿಮ್ಮ ಐಪಿಯನ್ನು ಕೇಳಿದರೆ ಅದು ಸರ್ವರಿನ ಹೆಸರು ಹೇಳಬೇಕು, ಆ ಹೆಸರನ್ನು ಕೇಳಿದರೆ ತಿರುಗಿ ಅದೇ ಐಪಿ ಹೇಳಬೇಕು. ಇದನ್ನು ಡೊಮೇನ್ ಮಾರಿದವರ ಹತ್ತಿರ ಹುಡುಕಿ ಸುಸ್ತಾಗಬೇಡಿ, ಐಪಿ ಕೊಟ್ಟವರ ಹತ್ತಿರ, ಅಂದರೆ ಸರ್ವರ್ ಬಾಡಿಗೆಗೆ ಕೊಟ್ಟವರ ಪ್ಯಾನೆಲಿನಲ್ಲಿ ಇರುತ್ತದೆ. ಎಸ್‌ಪಿಎಫ್ ಅಂದರೆ 'ನನ್ನ ಹೆಸರಿನಲ್ಲಿ ಈ ಯಂತ್ರಗಳು ಮಾತ್ರ ಕಳಿಸಬಹುದು' ಅನ್ನುವ ಒಂದು ಸಾಲು. ಡಿಕೆಐಎಂ ಅಂದರೆ ಪ್ರತಿ ಮೇಲ್ ಮೇಲೂ ಒತ್ತುವ ಮೊಹರು, ಮೊಹರು ಅಸಲಿಯೋ ಅಂತ ನೋಡುವ ಕೀಲಿ ಡಿಎನ್‌ಎಸ್‌ನಲ್ಲಿ ಇರುತ್ತದೆ. ಇಲ್ಲಿ ಒಂದು ಗುಂಡಿ ಇದೆ, ಎಷ್ಟೋ ಜನ ಬೀಳುತ್ತಾರೆ: ಡಿಎನ್‌ಎಸ್‌ನ ಟೆಕ್ಸ್ಟ್ ದಾಖಲೆಯ ಒಂದು ತುಂಡು 255 ಅಕ್ಷರ ಮೀರುವ ಹಾಗಿಲ್ಲ, 2048 ಬಿಟ್‌ನ ಕೀಲಿ ಅದಕ್ಕಿಂತ ಉದ್ದ. ಎರಡು ತುಂಡು ಮಾಡಿ, ಒಂದೊಂದನ್ನೂ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಕೆಲವು ಪ್ಯಾನೆಲುಗಳು ತಾವೇ ಮಾಡಿಕೊಳ್ಳುತ್ತವೆ, ಕೆಲವು ಸದ್ದಿಲ್ಲದೆ ಬಾಲ ಕತ್ತರಿಸಿಬಿಡುತ್ತವೆ. ಹಾಕಿದ ಮೇಲೆ ಹೊರಗಿನಿಂದ ಕೇಳಿ ನೋಡಿ, ಪೂರ್ತಿ ಬಂತಾ ಅಂತ.

ಕೊನೆಗೆ ಡಿಎಂಎಆರ್‌ಸಿ. ಮೇಲಿನ ಎರಡೂ ತಾಳೆ ಆಗದಿದ್ದರೆ ಏನು ಮಾಡಬೇಕು ಅಂತ ಹೇಳುವ ಸಾಲು. ಮೊದಲು 'ನನ್' (ಏನೂ ಮಾಡಬೇಡ) ಅಂತ ಇಡಿ, ಒಂದು ತಿಂಗಳು ವರದಿ ನೋಡಿ, ಆಮೇಲೆ 'ಕ್ವಾರಂಟೈನ್', ಧೈರ್ಯ ಬಂದ ಮೇಲೆ 'ರಿಜೆಕ್ಟ್'. ಮೊದಲ ದಿನವೇ ರಿಜೆಕ್ಟ್ ಹಾಕಿ, ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ಹೋಗುವ ಬಿಲ್ಲುಗಳೆಲ್ಲ ಮಾಯ ಆದವು ಅಂತ ಗೋಳಾಡಿದವರನ್ನು ನೋಡಿದ್ದೇನೆ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಇದನ್ನು ಬಿಗಿ ಮಾಡಿವೆ. ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್ ಜಿಮೇಲ್‌ಗೆ ಕಳಿಸುವವರಿಗೆ ಎಸ್‌ಪಿಎಫ್, ಡಿಕೆಐಎಂ, ಡಿಎಂಎಆರ್‌ಸಿ ಮೂರೂ ಕಡ್ಡಾಯ. ಸಣ್ಣವರಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂ, ಜೊತೆಗೆ ಪಿಟಿಆರ್ ಬೇಕೇ ಬೇಕು. ನಿಮ್ಮಲ್ಲಿ ದಿನಕ್ಕೆ ಐವತ್ತು ಹೋಗಬಹುದೇನೋ, ಆದರೂ ಮೂರನ್ನೂ ಹಾಕಿ.

'ಕೆಲವು ವಾಪಸ್ಸೇ ಬರುತ್ತವೆ' ಅಂದಿರಲ್ಲ, ಅದು ಐಪಿವಿ6 ಇರಬಹುದು. ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ ಎರಡೂ ದಾರಿ ಬಳಸುತ್ತದೆ. ನಾವು ಐಪಿವಿ4ಕ್ಕೆ ಮಾತ್ರ ಪಿಟಿಆರ್ ಹಾಕಿ ಐಪಿವಿ6 ಮರೆತಿರುತ್ತೇವೆ. ಜಿಮೇಲ್ ಆ ದಾರಿಯಲ್ಲಿ ಹೆಸರಿಲ್ಲದೆ ಬಂದವರನ್ನು ಒಳಗೆ ಬಿಡುವುದಿಲ್ಲ. ಅಲ್ಲಿಗೂ ಪಿಟಿಆರ್ ಹಾಕಿ, ಆಗದಿದ್ದರೆ 'ಐನೆಟ್ ಪ್ರೋಟೋಕಾಲ್ಸ್' ಅನ್ನು ಐಪಿವಿ4 ಅಂತ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ವಾಪಸ್ ಬರುವುದು ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿಯೂ ಸ್ಪ್ಯಾಮಿಗೇ ಹೋದರೆ ಆ ಐಪಿಯಲ್ಲಿ ನಿಮಗಿಂತ ಮುಂಚೆ ಇದ್ದ ಬಾಡಿಗೆದಾರ ಏನೋ ಮಾಡಿಟ್ಟು ಹೋಗಿರಬಹುದು. ಬೇರೆ ಐಪಿ ಕೇಳಿ. ಅಥವಾ ಕಳಿಸುವ ಕೆಲಸ ಮಾತ್ರ ಬೇರೆಯವರಿಗೆ ಕೊಡಿ: ಪೋಸ್ಟ್‌ಫಿಕ್ಸ್‌ನ 'ರಿಲೇಹೋಸ್ಟ್' ಸೆಟ್ಟಿಂಗಿನಲ್ಲಿ ಅಮೆಜಾನ್ ಎಸ್‌ಇಎಸ್ ಥರದ, ಮೇಲ್ ಕಳಿಸಿಕೊಡುವ ಸೇವೆಯ ಹೆಸರು ಹಾಕಿದರೆ ಹೊರಹೋಗುವುದೆಲ್ಲ ಅವರ ಮೂಲಕ ಹೋಗುತ್ತದೆ. ಬರುವ ಮೇಲ್, ಪೆಟ್ಟಿಗೆ, ಎಲ್ಲ ನಿಮ್ಮಲ್ಲೇ ಉಳಿಯುತ್ತದೆ. ಪಡೆಯುವುದು ಸುಲಭ, ಕಳಿಸುವುದು ಕಷ್ಟ, ಕಷ್ಟದ್ದನ್ನು ಮಾತ್ರ ಗುತ್ತಿಗೆಗೆ ಕೊಟ್ಟ ಹಾಗೆ. ನಾನು ಈಗೀಗ ಹೊಸಬರಿಗೆ ಹೇಳುವುದು ಇದನ್ನೇ. ಎಸ್‌ಪಿಎಫ್ ಸಾಲಿನಲ್ಲಿ ಅವರ ಹೆಸರನ್ನೂ ಸೇರಿಸಲು ಮರೆಯಬೇಡಿ.

ಪ್ರಶ್ನೆ: 1 ಜಿಬಿ ರ‍್ಯಾಮ್ ಸಾಕಾ?
— ಓದುಗರು, ತುಮಕೂರು

ಉತ್ತರ: ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್‌ಗೆ ಧಾರಾಳ. ವೈರಸ್ ಹುಡುಕುವ ಕ್ಲ್ಯಾಮ್‌ಎವಿ ಹಾಕಿದರೆ ಸಾಲದು, ವೈರಸ್ ಪಟ್ಟಿ ತುಂಬಿಕೊಳ್ಳಲು ಅದೊಂದೇ 1 ಜಿಬಿ ನುಂಗುತ್ತದೆ.

ಪ್ರಶ್ನೆ: ಇವನ್ನೆಲ್ಲ ಒಂದೊಂದಾಗಿ ಜೋಡಿಸುವ ಬದಲು ಮೇಲ್-ಇನ್-ಎ-ಬಾಕ್ಸ್, ಮೇಲ್‌ಕೌ, ಐರೆಡ್‌ಮೇಲ್ ಥರದ ಸಿದ್ಧ ಗಂಟು ಹಾಕಿದರೆ ಆಗಲ್ವಾ?
— ಶಾಲಾ ಶಿಕ್ಷಕರು, ಮಂಡ್ಯ

ಉತ್ತರ: ಆಗುತ್ತದೆ. ಸಿದ್ಧ ಸಾಂಬಾರು ಪುಡಿ ತಂದ ಹಾಗೆ, ಅಡುಗೆ ಬೇಗ ಆಗುತ್ತದೆ, ಖಾರ ಜಾಸ್ತಿ ಆದರೆ ಯಾವುದರಿಂದ ಅಂತ ಗೊತ್ತಾಗಲ್ಲ. ಮೇಲ್-ಇನ್-ಎ-ಬಾಕ್ಸ್ ಒಳಗೂ ಇರುವುದು ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್. ಆದರೆ ಅದಕ್ಕೆ ಹೊಸದಾಗಿ ಉಬುಂಟು ಹಾಕಿದ ಖಾಲಿ ಯಂತ್ರ ಬೇಕು, ಡಿಎನ್‌ಎಸ್ ಕೂಡ ತಾನೇ ನೋಡಿಕೊಳ್ಳುತ್ತೇನೆ ಅನ್ನುತ್ತದೆ. ಅದೇ ಯಂತ್ರದಲ್ಲಿ ಶಾಲೆಯ ವೆಬ್‌ಸೈಟ್ ಬೇರೆ ಥರ ನಡೆಸುತ್ತಿದ್ದರೆ ಜಗಳ ಗ್ಯಾರಂಟಿ. ಮೇಲ್‌ಕೌ ಡಾಕರ್ (ಪ್ರೋಗ್ರಾಮುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ನಡೆಸುವ ಸಾಫ್ಟ್‌ವೇರ್) ಮೇಲೆ ನಡೆಯುತ್ತದೆ, ನೋಡಲು ಬಹಳ ಚೆಂದ, ಆದರೆ ಕನಿಷ್ಠ 6 ಜಿಬಿ ರ‍್ಯಾಮ್ ಕೇಳುತ್ತದೆ. ಐರೆಡ್‌ಮೇಲ್ ಇವುಗಳ ನಡುವಿನದು.

ನನ್ನ ಸಲಹೆ ಕೇಳಿದರೆ: ಒಂದು ಸಲ ಕೈಯಾರೆ ಪೋಸ್ಟ್‌ಫಿಕ್ಸ್-ಡವ್‌ಕಾಟ್ ಜೋಡಿಸಿ, ಕಲಿತುಕೊಂಡು, ಅಳಿಸಿ, ಆಮೇಲೆ ಬೇಕಾದರೆ ಸಿದ್ಧ ಗಂಟು ಹಾಕಿ. ಕೆಟ್ಟಾಗ ಎಲ್ಲಿ ಕೈ ಹಾಕಬೇಕು ಅಂತ ಗೊತ್ತಿರುತ್ತದೆ.

ಪ್ರಶ್ನೆ: ನಿನ್ನೆಯವರೆಗೆ ಸರಿಯಿತ್ತು. ಡೆಬಿಯನ್ 12ರಿಂದ 13ಕ್ಕೆ ಅಪ್‌ಗ್ರೇಡ್ ಮಾಡಿದೆ. ಈಗ ಡವ್‌ಕಾಟ್ ಏಳುವುದೇ ಇಲ್ಲ!
— ಓದುಗರು, ಬೆಳಗಾವಿ

ಉತ್ತರ: ಡೆಬಿಯನ್ 13ರಲ್ಲಿ ಡವ್‌ಕಾಟ್ 2.4 ಬಂದಿದೆ. ಅದು 2.3ರ ಕಾನ್ಫಿಗರೇಶನ್ ಫೈಲನ್ನು ಒಪ್ಪುವುದಿಲ್ಲ. ಸಣ್ಣ ಬದಲಾವಣೆ ಅಲ್ಲ, ಹೊಸದಾಗಿ ಬರೆಯಬೇಕು. ಫೈಲಿನ ಶುರುವಿನಲ್ಲೇ ಯಾವ ಆವೃತ್ತಿಗೆ ಬರೆದ ಕಾನ್ಫಿಗ್ ಅಂತ ಹೇಳುವ 'ಡವ್‌ಕಾಟ್ ಕಾನ್ಫಿಗ್ ವರ್ಶನ್' ಸಾಲು ಬೇಕು, 'ಡವ್‌ಕಾಟ್ ಸ್ಟೋರೇಜ್ ವರ್ಶನ್' ಅಂತ ಇನ್ನೊಂದು. ಹಳೇ 'ಮೇಲ್ ಲೊಕೇಶನ್' ಹೋಗಿ 'ಮೇಲ್ ಡ್ರೈವರ್', 'ಮೇಲ್ ಪಾತ್' ಅಂತ ಎರಡಾಗಿದೆ. 'ಎಸ್‌ಎಸ್‌ಎಲ್ ಸರ್ಟ್' ಈಗ 'ಎಸ್‌ಎಸ್‌ಎಲ್ ಸರ್ವರ್ ಸರ್ಟ್ ಫೈಲ್', ಕೀಲಿಗೂ ಹಾಗೇ. ಹಳೇ ಫೈಲಿನ ಪ್ರತಿ ತೆಗೆದಿಟ್ಟು ಖಾಲಿಯಿಂದ ಶುರು ಮಾಡಿ, ಒಂದೊಂದೇ ಸಾಲು ಸೇರಿಸುತ್ತಾ 'ಡವ್‌ಕಾನ್ಫ್' ಓಡಿಸಿ ನೋಡಿ. ಮೇಲ್ ಎಲ್ಲೂ ಹೋಗಿಲ್ಲ, ಡಿಸ್ಕಿನಲ್ಲಿ ಹಾಗೇ ಇದೆ, ಗಾಬರಿ ಬೇಡ. ಈಗಷ್ಟೇ ಹಾಕುತ್ತಿರುವವರೂ ಗಮನಿಸಿ: ನೀವು ಓದುತ್ತಿರುವ ಪಾಠ 2.3ರದೋ 2.4ರದೋ ಅಂತ ನೋಡಿಕೊಂಡೇ ಶುರು ಮಾಡಿ.

ಪ್ರಶ್ನೆ: ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ತಾನಾಗಿ ನವೀಕರಣ ಆಗುತ್ತಿದೆ. ಆದರೂ ಮೂರು ತಿಂಗಳಿಗೊಮ್ಮೆ ಎಲ್ಲರ ಫೋನೂ 'ಅವಧಿ ಮುಗಿದಿದೆ' ಅಂತ ಕೂಗುತ್ತದೆ.
— ಲೆಕ್ಕಪರಿಶೋಧಕರ ಕಚೇರಿ, ಮಂಗಳೂರು

ಉತ್ತರ: ಹೊಸ ಫೈಲ್ ಡಿಸ್ಕಿಗೆ ಬಂದಿದೆ, ಡವ್‌ಕಾಟ್ ಮಾತ್ರ ನೆನಪಿನಲ್ಲಿರುವ ಹಳೆಯದನ್ನೇ ಹಿಡಿದು ಕೂತಿದೆ. ನವೀಕರಣ ಮಾಡುವ ಪ್ರೋಗ್ರಾಮು ಸರ್ಟ್‌ಬಾಟ್‌ನಲ್ಲಿ 'ಡಿಪ್ಲಾಯ್ ಹುಕ್' ಅಂತ ಇದೆ, ನವೀಕರಣ ಆದ ಕೂಡಲೇ ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎರಡನ್ನೂ ರೀಲೋಡ್ ಮಾಡು ಅಂತ ಅದರಲ್ಲಿ ಬರೆಯಿರಿ.

ಪ್ರಶ್ನೆ: ಕಾಫಿ ತೋಟದಲ್ಲಿ ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟು ಮಳೆ ಅಳೆಯುತ್ತಿದ್ದೇನೆ. ದಿನಾ ಬೆಳಿಗ್ಗೆ ಅದು ನನಗೊಂದು ಮೇಲ್ ಕಳಿಸಿದರೆ ಸಾಕು. ಅದಕ್ಕೆ ಪೋಸ್ಟ್‌ಫಿಕ್ಸ್ ಹಾಕಬೇಕಾ?
— ಬೆಳೆಗಾರರು, ಮೂಡಿಗೆರೆ

ಉತ್ತರ: ಬೇಡವೇ ಬೇಡ. ಒಂದು ಕಾಗದ ಹಾಕಲು ಯಾರಾದರೂ ಅಂಚೆ ಕಚೇರಿ ಕಟ್ಟುತ್ತಾರಾ? ಎಂಎಸ್‌ಎಂಟಿಪಿ ಅಂತ ಒಂದು ಪುಟಾಣಿ ಪ್ರೋಗ್ರಾಮು ಇದೆ. ಕಳಿಸುವುದನ್ನು ಬಿಟ್ಟು ಅದಕ್ಕೆ ಬೇರೆ ಕೆಲಸ ಇಲ್ಲ. ನಿಮ್ಮ ಜಿಮೇಲ್ ಮೂಲಕವೇ ಕಳಿಸಬಹುದು. ಮಾಮೂಲಿ ಪಾಸ್‌ವರ್ಡ್ ನಡೆಯಲ್ಲ, ಎರಡು ಹಂತದ ಪರಿಶೀಲನೆ ಆನ್ ಮಾಡಿ, 'ಆ್ಯಪ್ ಪಾಸ್‌ವರ್ಡ್' ಅಂತ 16 ಅಕ್ಷರದ್ದು ತೆಗೆದುಕೊಂಡು ಅದನ್ನು ಹಾಕಿ. ಆ ಪಾಸ್‌ವರ್ಡ್ ಬರೆದ ಸೆಟ್ಟಿಂಗ್ ಫೈಲನ್ನು ಬೇರೆಯವರು ಓದದ ಹಾಗೆ ಪರ್ಮಿಶನ್ 600 ಮಾಡಿ. ಒಂದು ಕೊರತೆ: ಎಂಎಸ್‌ಎಂಟಿಪಿಗೆ ಕ್ಯೂ ಇಲ್ಲ. ಕಳಿಸುವ ಹೊತ್ತಿಗೆ ನೆಟ್ ಇಲ್ಲದಿದ್ದರೆ ಆ ದಿನದ ಮೇಲ್ ಹೋಯಿತು. ಮೂಡಿಗೆರೆಯ ಜುಲೈ ತಿಂಗಳು ಅಂದರೆ, ಮಳೆ ಲೆಕ್ಕ ಬೇಕಾಗಿರುವುದೂ ಆಗಲೇ, ನೆಟ್ ಹೋಗುವುದೂ ಆಗಲೇ. ಹಾಗಾಗಿ ನಿಮಗೆ ನಲ್‌ಮೇಲರ್ ಹೆಚ್ಚು ಹೊಂದುತ್ತದೆ. ಅದೂ ಸಣ್ಣದೇ, ಆದರೆ ನೆಟ್ ಬರುವವರೆಗೆ ಇಟ್ಟುಕೊಂಡು ಕಳಿಸುತ್ತದೆ.

ಪ್ರಶ್ನೆ: ಡಾಟ್ ಭಾರತ ಅಂತ ಕನ್ನಡದಲ್ಲೇ ಡೊಮೇನ್ ಸಿಗುತ್ತದಂತೆ. ಅಟ್ ಗುರುತಿನ ಎರಡೂ ಕಡೆ ಕನ್ನಡ ಇರುವ ಮೇಲ್ ವಿಳಾಸ ಇಟ್ಟುಕೊಳ್ಳಬಹುದಾ?
— ನಿವೃತ್ತ ಗ್ರಂಥಪಾಲಕರು, ಮೈಸೂರು

ಉತ್ತರ: ಇಟ್ಟುಕೊಳ್ಳಬಹುದು, ನನಗೂ ಆಸೆ ಇದೆ. ಡೊಮೇನ್ ಭಾಗದ್ದು ತೊಂದರೆ ಇಲ್ಲ, ಅದು ಒಳಗೆ ಇಂಗ್ಲಿಷ್ ಅಕ್ಷರದ ಒಂದು ವಿಚಿತ್ರ ಹೆಸರಾಗಿ ತಿರುಗಿ ಹಳೇ ಸಾಫ್ಟ್‌ವೇರಿನಲ್ಲೂ ಓಡುತ್ತದೆ. ಅಟ್ ಗುರುತಿನ ಈಚೆಯ ಹೆಸರು ಕನ್ನಡದಲ್ಲಿದ್ದರೆ ಮಾತ್ರ 'ಎಸ್‌ಎಂಟಿಪಿಯುಟಿಎಫ್8' ಅನ್ನುವ ಸೌಲಭ್ಯ ಬೇಕು. ಅದರ ನಿಯಮ 2012ರದು, ಪೋಸ್ಟ್‌ಫಿಕ್ಸ್‌ಗೆ ಬಂದದ್ದು 2015ರ 3.0 ಆವೃತ್ತಿಯಲ್ಲಿ. ಜಿಮೇಲ್ ಕೂಡ ಇಂಥ ವಿಳಾಸಕ್ಕೆ ಮೇಲ್ ಕಳಿಸುತ್ತದೆ, ಪಡೆಯುತ್ತದೆ. ಕಿರಿಕಿರಿ ಬೇರೆ ಕಡೆ: ದಾರಿಯಲ್ಲಿ ಬರುವ ಎಲ್ಲ ಸರ್ವರುಗಳಿಗೂ ಇದು ಗೊತ್ತಿರಬೇಕು, ಒಂದಕ್ಕೆ ಗೊತ್ತಿಲ್ಲದಿದ್ದರೂ ಮೇಲ್ ವಾಪಸ್. ಇನ್ನು ವೆಬ್‌ಸೈಟುಗಳ ಫಾರಂಗಳಂತೂ ಕನ್ನಡ ಅಕ್ಷರ ಕಂಡ ಕೂಡಲೇ 'ಸರಿಯಾದ ವಿಳಾಸ ಕೊಡಿ' ಅಂತ ಕೆಂಪು ಬಣ್ಣದಲ್ಲಿ ಬೈಯುತ್ತವೆ. ಅದಕ್ಕೇ ಕನ್ನಡದ ವಿಳಾಸದ ಜೊತೆ ಇಂಗ್ಲಿಷಿನದೊಂದು ಇಟ್ಟು, ಎರಡೂ ಒಂದೇ ಪೆಟ್ಟಿಗೆಗೆ ಬೀಳುವ ಹಾಗೆ ಮಾಡಿ.

ಪ್ರಶ್ನೆ: ಸ್ಪ್ಯಾಮ್ ತಡೆಯಲು ಸ್ಪ್ಯಾಮ್‌ಹೌಸ್ ಪಟ್ಟಿ ಸೇರಿಸಿದೆ. ಈಗ ಒಳ್ಳೆಯ ಮೇಲೂ ಬರುತ್ತಿಲ್ಲ, ಯಾವುದೂ ಬರುತ್ತಿಲ್ಲ.
— ಓದುಗರು, ಕಲಬುರಗಿ

ಉತ್ತರ: ಸರ್ವರಿನ ಡಿಎನ್‌ಎಸ್ ಆಗಿ ನಾಲ್ಕು ಎಂಟುಗಳ ಗೂಗಲ್ ವಿಳಾಸ (8.8.8.8) ಇಟ್ಟಿದ್ದೀರಿ ಅಲ್ವಾ? ಅಂಥ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ ಉತ್ತರ ಕೊಡುವುದಿಲ್ಲ, 127.255.255.254 ಅನ್ನುವ ಎಚ್ಚರಿಕೆ ಸಂಖ್ಯೆ ವಾಪಸ್ ಕಳಿಸುತ್ತದೆ. ಪೋಸ್ಟ್‌ಫಿಕ್ಸ್ ಪಾಪ, ಏನೋ ಒಂದು ಉತ್ತರ ಬಂತು ಅಂದರೆ ವಿಳಾಸ ಪಟ್ಟಿಯಲ್ಲಿದೆ ಅಂತಲೇ ತಿಳಿದು ಎಲ್ಲರನ್ನೂ ಬಾಗಿಲಿನಿಂದಲೇ ಓಡಿಸುತ್ತದೆ. ಸ್ನೇಹಿತರ ಕಚೇರಿಯಲ್ಲಿ ನಾನೇ ಹೀಗೆ ಮಾಡಿ, ಒಂದು ಬೆಳಿಗ್ಗೆ ಪೂರ್ತಿ 'ಇವತ್ತು ಎಷ್ಟು ಪ್ರಶಾಂತವಾಗಿದೆ' ಅಂದುಕೊಂಡು ಕೂತಿದ್ದೆ. ಅನ್‌ಬೌಂಡ್ ಅನ್ನುವ ಡಿಎನ್‌ಎಸ್ ಸಾಫ್ಟ್‌ವೇರನ್ನು ಅದೇ ಯಂತ್ರದಲ್ಲಿ ಹಾಕಿ, ಯಂತ್ರ ಅದನ್ನೇ ಕೇಳುವ ಹಾಗೆ ಮಾಡಿ.

ಪ್ರಶ್ನೆ: ಸರ್ವರ್ ಒಂದು ದಿನ ಪೂರ್ತಿ ನಿಂತುಹೋದರೆ ಆ ದಿನದ ಮೇಲ್ ಎಲ್ಲ ಕಳೆದುಹೋಗುತ್ತಾ? ಎರಡನೇ ಸರ್ವರ್ ಬ್ಯಾಕಪ್ ಅಂತ ಇಡಬೇಕಾ?
— ಪುಸ್ತಕದ ಅಂಗಡಿಯವರು, ಧಾರವಾಡ

ಉತ್ತರ: ಕಳೆದುಹೋಗುವುದಿಲ್ಲ. ನಿಮ್ಮ ಬಾಗಿಲು ಮುಚ್ಚಿದ್ದರೆ ಕಳಿಸುವ ಸರ್ವರ್ ಮೇಲನ್ನು ತನ್ನಲ್ಲೇ ಇಟ್ಟುಕೊಂಡು ಆಗಾಗ ಬಂದು ಬಾಗಿಲು ತಟ್ಟುತ್ತದೆ. ಪೋಸ್ಟ್‌ಫಿಕ್ಸ್ ಆದರೆ ಮಾಮೂಲಿಯಾಗಿ 5 ದಿನ ಕಾಯುತ್ತದೆ, ಆಮೇಲೆ ಕಳಿಸಿದವರಿಗೆ ವಾಪಸ್. ಒಂದು ದಿನ ನಿಂತರೆ ಮೇಲ್ ತಡ ಆಗುತ್ತದೆ ಅಷ್ಟೆ. ಅಪಾಯ ಇರುವುದು ಅರ್ಧ ಎದ್ದ ಸರ್ವರಿನಲ್ಲಿ: ಪೋಸ್ಟ್‌ಫಿಕ್ಸ್ ನಡೆಯುತ್ತಿದೆ, ಆದರೆ ವಿಳಾಸದ ಪಟ್ಟಿ ತಪ್ಪಾಗಿ 'ಇಂಥವರು ಇಲ್ಲಿ ಇಲ್ಲ' ಅಂದುಬಿಟ್ಟರೆ ಆ ಮೇಲ್ ಆ ಕ್ಷಣವೇ ವಾಪಸ್, ಯಾರೂ ಮತ್ತೆ ತಟ್ಟುವುದಿಲ್ಲ. ರಿಪೇರಿ ಮಾಡುವಾಗ ಪೋಸ್ಟ್‌ಫಿಕ್ಸ್ ಅನ್ನು ಪೂರ್ತಿ ನಿಲ್ಲಿಸಿಯೇ ಮಾಡಿ. ಅಥವಾ 'ಸಾಫ್ಟ್ ಬೌನ್ಸ್' ಅನ್ನು ಯೆಸ್ ಮಾಡಿಟ್ಟುಕೊಳ್ಳಿ, ಆಗ ಖಾಯಂ ನಿರಾಕರಣೆಗಳೆಲ್ಲ 'ಆಮೇಲೆ ಬಾ' ಅಂತ ಆಗುತ್ತವೆ. ಕೆಲಸ ಮುಗಿದ ಮೇಲೆ ತೆಗೆಯಲು ಮರೆಯಬೇಡಿ.

ಎರಡನೇ ಸರ್ವರ್ ಬೇಡ. ಮುಂಬಾಗಿಲಿಗೆ ಕಾವಲು ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ, ಸ್ಪ್ಯಾಮ್ ಕಳಿಸುವವರು ಬೇಕೆಂದೇ ಅದನ್ನು ಹುಡುಕಿಕೊಂಡು ಬರುತ್ತಾರೆ. ಆ ದುಡ್ಡಿಗೆ ಬೇರೆ ಊರಿನಲ್ಲಿ ಒಂದಿಷ್ಟು ಜಾಗ ತಗೊಂಡು, ಮೇಲ್‌ಡಿರ್ ಮತ್ತು ಕಾನ್ಫಿಗ್ ಫೈಲುಗಳನ್ನು ದಿನಾ ರಾತ್ರಿ ಅಲ್ಲಿಗೆ ಪ್ರತಿ ಮಾಡಿಸಿ, ಡಿಕೆಐಎಂ ಕೀಲಿಯನ್ನೂ ಸೇರಿಸಿ.